ಬರದ ಸೀಮೆಯಲ್ಲಿ ದಾಸವಾಳ

ಚಿತ್ರದುರ್ಗದ ಸೀಮೆಯೆಂದೊಡನೆ ವಾಚಕರ ಮನಸ್ಸಿನಲ್ಲಿ ಮೂಡುವುದು ಕಲ್ಲು. ಕೋಟೆಯ ಕಲ್ಲು, ಬೆಟ್ಟದ ಬಂಡೆ, ಬಿಸಿಲಿಗೆ ಕಾದು ಹೆಂಚಿನಂತಾದ ಬಯಲು. ಈ ಸೀಮೆಗೂ ಹೂವಿಗೂ ನಂಟುಂಟೆಂದು ಯಾರೂ ನೆನೆಯುವುದಿಲ್ಲ. ವರ್ಷವೊಂದಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ನಾಡು ಇದು. ಅದೂ ಒಂದು ವರ್ಷ ಬಂದಂತೆ ಮತ್ತೊಂದು ವರ್ಷ ಬಾರದು. ಆದರೂ ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದುಹೋದರೆ, ಮನೆಗಳ ಹಿತ್ತಿಲ ಗೋಡೆಯ ಮೇಲಿಂದ ಕೆಂಪು ದಾಸವಾಳಗಳು ಇಣಿಕಿ ನೋಡುತ್ತಿರುವುದನ್ನು ಕಾಣಬಹುದು. ನೀರನ್ನು ಕೊಡಗಳ ಲೆಕ್ಕದಲ್ಲಿ ಅಳೆದು ಬಾಳುವ ಜನರ ಮನೆಯಲ್ಲಿ ತೇವವನ್ನು ಬಯಸುವ ಈ ಗಿಡವು ಹೇಗೆ ಉಳಿದುಬಂದಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಈ ನಾಲ್ಕು ಊರುಗಳನ್ನು ಸುತ್ತಿದರೆ, ಹೂವಿನ ಕಥೆಯೊಡನೆ ನೀರಿನ ಕಥೆಯೂ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಗಿಡದ ಪರಿಚಯ. ನಮ್ಮ ಹಿತ್ತಿಲುಗಳಲ್ಲಿ ಹಿಂದಿನಿಂದ ಬೆಳೆದುಬಂದ ದಾಸವಾಳವೆಂದರೆ ಐದೆಸಳಿನ ಕೆಂಪು ಹೂವು. ನಡುವಿನಿಂದ ಉದ್ದನೆಯ ಕೇಸರದ ದಂಡವೊಂದು ಹೊರಚಾಚಿರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಜಪಾಕುಸುಮವೆಂದು ಹೆಸರು; ಉದಯಸೂರ್ಯನ ಬಣ್ಣವನ್ನು ಹೇಳಬೇಕಾದಾಗ ಸ್ತೋತ್ರಕಾರರು ನೆನೆದದ್ದು ಈ ಹೂವನ್ನೇ. 1753ರಲ್ಲಿ ಲಿನೀಯಸ್ ಪಂಡಿತನು ಸಸ್ಯಗಳಿಗೆಲ್ಲ ಹೆಸರಿಟ್ಟಾಗ ಇದನ್ನು ಚೀನದ ಗುಲಾಬಿಯೆಂಬ ಅರ್ಥದ ಹೆಸರಿನಿಂದ ಕರೆದನು. ಆದರೆ ಕಾಡಿನಲ್ಲಿ ತಾನಾಗಿ ಬೆಳೆದಿರುವ ಇದರ ಮೂಲಗಿಡವು ಎಲ್ಲಿಯೂ ಖಚಿತವಾಗಿ ದೊರೆತಿಲ್ಲ. ಮನುಷ್ಯನ ಕೈಯಿಂದ ಕೈಗೆ, ಹಿತ್ತಿಲಿನಿಂದ ಹಿತ್ತಿಲಿಗೆ ಸಾಗಿಬಂದ ಗಿಡವಿದು. ತೋಟದ ಹಳೆಯ ತಳಿಗಳಲ್ಲಿ ಬೀಜ ಕಟ್ಟುವುದೇ ಅಪರೂಪ. ಆದುದರಿಂದ ಇಂದು ನಮ್ಮ ಮನೆಯಲ್ಲಿರುವ ದಾಸವಾಳವು ಯಾರೋ ಒಬ್ಬರು ತಮ್ಮ ಗಿಡದಿಂದ ಮುರಿದುಕೊಟ್ಟ ಕಡ್ಡಿಯೇ ಆಗಿರುತ್ತದೆ. ತವರಿನಿಂದ ಬಂದ ಕಡ್ಡಿ, ನೆರೆಮನೆಯವರು ಕೊಟ್ಟ ಕಡ್ಡಿ, ಗುಡಿಯ ಪೂಜಾರಿಗಳಿಂದ ಬೇಡಿ ತಂದ ಕಡ್ಡಿ ಎಂದು ಪ್ರತಿಯೊಂದು ಗಿಡಕ್ಕೂ ಒಂದು ವಂಶಾವಳಿ ಇರುವುದುಂಟು.

ಬೆಂಗಳೂರಿನ ಕಡೆಯಿಂದ ಬರುವವರಿಗೆ ಮೊದಲು ಸಿಕ್ಕುವುದು ಹಿರಿಯೂರು. ವೇದಾವತಿಯ ದಡದ ಈ ಊರಿಗೆ ತೇರುಮಲ್ಲೇಶ್ವರನೇ ಒಡೆಯ. ಊರಿನ ಪಶ್ಚಿಮಕ್ಕೆ ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ಮಾರಿಕಣಿವೆಯ ಅಣೆಕಟ್ಟು ಇದೆ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ ಪ್ರಾರಂಭವಾದ ಈ ಕೆಲಸವು 1907ರಲ್ಲಿ ಮುಗಿಯಿತು. ಜಲಾಶಯಕ್ಕೆ ಅವರ ಹೆಸರನ್ನೇ ಇಟ್ಟು ವಾಣಿವಿಲಾಸ ಸಾಗರವೆಂದು ಕರೆದರು. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಈ ಸಾಗರದ ಪೂರ್ಣಮಟ್ಟ 130 ಅಡಿ. ಅದು ಮೊದಲ ಸಲ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಸಲ ಕೋಡಿ ಬೀಳಲು 2022ರ ವರೆಗೆ, ಎಂದರೆ 89 ವರ್ಷ, ಕಾಯಬೇಕಾಯಿತು! ಅಜ್ಜಂದಿರು ಕಂಡಿದ್ದ ಕೋಡಿಯನ್ನು ಮೊಮ್ಮಕ್ಕಳು ಮುದುಕರಾದ ಮೇಲೆ ಕಂಡರು. ಮೂರನೆಯ ಸಲ ಮಾತ್ರ ಅಷ್ಟು ಕಾಯಿಸದೆ 2025ರ ಜನವರಿಯಲ್ಲಿಯೇ ತುಂಬಿ ಹರಿಯಿತು. ಈ ಲೆಕ್ಕವೊಂದನ್ನು ನೆನಪಿನಲ್ಲಿಟ್ಟರೆ ಸಾಕು, ಈ ನಾಡಿನ ಜನರು ನೀರನ್ನು ಯಾವ ಕಣ್ಣಿನಿಂದ ನೋಡುತ್ತಾರೆಂಬುದು ತಿಳಿಯುತ್ತದೆ.

ಸಾಗರದ ನಾಲೆಗಳು ಹರಿಯುವ ಕಡೆ ತೆಂಗು, ಬಾಳೆ, ಅಡಕೆಯ ತೋಟಗಳು ಹಸುರಾಗಿ ನಿಂತಿವೆ. ಇಲ್ಲಿ ದಾಸವಾಳಕ್ಕೆ ನೀರಿನ ಕೊರತೆಗಿಂತ ಮಣ್ಣಿನ ತೊಡಕೇ ಹೆಚ್ಚು. ಹಿರಿಯೂರಿನ ಸುತ್ತಣ ಎರೆಯ ಭೂಮಿಯು ನೀರು ಕುಡಿದರೆ ಬಿಗಿದುಕೊಳ್ಳುವುದು, ಒಣಗಿದರೆ ಬಿರಿಯುವುದು. ಅದರಲ್ಲಿ ಸುಣ್ಣದ ಅಂಶವೂ ಬೆರೆತಿರುವುದುಂಟು. ದಾಸವಾಳವು ತೇವವನ್ನು ಬಯಸುವುದು ನಿಜ. ಆದರೆ ನಿಂತ ನೀರನ್ನು ಬಯಸುವುದಿಲ್ಲ. ಈ ಎರಡರ ಭೇದವನ್ನು ತಿಳಿಯದವರ ಗಿಡಗಳೇ ಸಾಮಾನ್ಯವಾಗಿ ಸಾಯುವುವು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿಯಾಡದೆ ಅದು ಕೊಳೆಯಲಾರಂಭಿಸುತ್ತದೆ. ಎಲೆಗಳು ಹಳದಿಯಾಗಿ ಮೊಗ್ಗುಗಳು ಅರಳುವ ಮೊದಲೇ ಉದುರುತ್ತವೆ. ಇದನ್ನು ಕಂಡು ಗಿಡಕ್ಕೆ ನೀರು ಸಾಲದೆಂದು ಬಗೆದು ಇನ್ನೂ ಎರಡು ಬಿಂದಿಗೆ ಸುರಿಯುವವರೇ ಹೆಚ್ಚು. ಸುಣ್ಣ ಹೆಚ್ಚಿದ ಮಣ್ಣಿನಲ್ಲಾದರೋ ಚಿಗುರೆಲೆಗಳ ನರಗಳು ಮಾತ್ರ ಹಸುರಾಗಿದ್ದು ಉಳಿದ ಭಾಗವೆಲ್ಲ ಬಿಳಿಚಿಕೊಳ್ಳುವುದು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದೊರೆಯದೆ ಹೋಗುವುದೇ ಇದಕ್ಕೆ ಕಾರಣ. ಎರೆಯ ನೆಲದಲ್ಲಿ ದಾಸವಾಳವನ್ನು ಬೆಳೆಸುವವರು ಗುಣಿಗೆ ಕೆಂಪುಮಣ್ಣನ್ನೂ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸಮಸಮವಾಗಿ ಬೆರಸಿ ತುಂಬಿ, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಿಸಿ ನೆಡುವುದು ಲೇಸು. ಆಗ ಮೇಲಿನ ನೀರು ಇಳಿದುಹೋಗಿ ಅಡಿಯ ತಂಪು ಮಾತ್ರ ಉಳಿಯುವುದು.

ಹಿರಿಯೂರಿನಿಂದ ಹೆದ್ದಾರಿಯಲ್ಲಿ ವಾಯವ್ಯಕ್ಕೆ ಸಾಗಿದರೆ ಚಿತ್ರದುರ್ಗ. ಕೋಟೆಯನ್ನು ನೋಡಬಂದವರು ಒನಕೆಯೋಬವ್ವನ ಕಿಂಡಿಯನ್ನೂ ಏಳು ಸುತ್ತಿನ ಗೋಡೆಗಳನ್ನೂ ನೋಡಿ ಬೆರಗಾಗಿ ಹಿಂದಿರುಗುವರು. ಆದರೆ ಗೋಡೆಗಳು ಎಷ್ಟು ಬಲವಾಗಿದ್ದರೇನು, ಒಳಗೆ ನೀರಿಲ್ಲದ ಕೋಟೆಯು ಹತ್ತು ದಿನವೂ ನಿಲ್ಲಲಾರದು. ಪಾಳೆಯಗಾರರ ನಿಜವಾದ ಜಾಣ್ಮೆಯು ಕಾಣುವುದು ಅಲ್ಲಿಯ ಹೊಂಡಗಳಲ್ಲಿ. ಬಂಡೆಯ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡವನ್ನು ತುಂಬುವುದು. ಅದು ತುಂಬಿ ಚೆಲ್ಲಿದ್ದು ಅಕ್ಕತಂಗಿಯರ ಹೊಂಡಕ್ಕೆ. ಅಲ್ಲಿಂದ ಕೆಳಗೆ ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಹೀಗೆ ಮೇಲಿನವರು ಬಳಸಿ ಉಳಿದದ್ದು ಕೆಳಗಿನವರಿಗೆ ಸಲ್ಲುವಂತೆ ಕಟ್ಟಿದ ಸರಪಳಿ ಅದು. ಕೋಟೆಯ ಬುಡದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಬಂಡೆಯ ಶಾಸನವಿದೆ. ನಾಲ್ಕನೆಯ ಶತಮಾನದ ಆ ಶಾಸನವು ಹೇಳುವುದೂ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನೇ. ಈ ನಾಡಿನಲ್ಲಿ ಅರಸನಾದವನು ಮೊದಲು ಮಾಡಬೇಕಾಗಿದ್ದ ಕೆಲಸ ಯಾವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ದುರ್ಗದ ಮನೆಗಳವರು ಈ ಹೊಂಡಗಳ ಪಾಠವನ್ನು ತಮ್ಮ ಹಿತ್ತಿಲಿಗೂ ಇಳಿಸಿಕೊಳ್ಳಬಹುದು. ಹೆಂಚಿನ ಅಥವಾ ತಾರಸಿಯ ಮೇಲಿಂದ ಮಳೆನೀರು ಬೀಳುವ ಜಾಗದಲ್ಲಿ ಮೊಳದಷ್ಟು ಆಳದ ಗುಂಡಿ ತೋಡಿ, ಅಡಿಯಲ್ಲಿ ಜಲ್ಲಿಯನ್ನು ಹಾಕಿ, ಅದರ ಪಕ್ಕಕ್ಕೆ ಎರಡು ಅಡಿಯ ಅಂತರದಲ್ಲಿ ದಾಸವಾಳವನ್ನು ನೆಟ್ಟರೆ ಗಿಡವು ತನಗೆ ಬೇಕಾದ ತೇವವನ್ನು ಬದಿಯಿಂದ ತಾನೇ ಎಳೆದುಕೊಳ್ಳುವುದು. ಇಲ್ಲಿಯ ಕೆಂಪು ಮಸಾರಿ ಮಣ್ಣು ಈ ಗಿಡಕ್ಕೆ ಚೆನ್ನಾಗಿ ಒಗ್ಗುತ್ತದೆ. ನೀರು ನಿಲ್ಲುವುದಿಲ್ಲ, ಆದರೆ ಬೇಗ ಒಣಗುತ್ತದೆ. ಆದುದರಿಂದ ಬುಡಕ್ಕೆ ಒಣ ಎಲೆ, ಹುಲ್ಲು, ಕಡಲೆಕಾಯಿಯ ಸಿಪ್ಪೆ, ಇವುಗಳ ಹೊದಿಕೆಯು ಅವಶ್ಯವಾಗಿ ಇರಬೇಕು.

ಕಡ್ಡಿ ನೆಡುವ ಕ್ರಮವನ್ನು ಇಲ್ಲಿಯೇ ಹೇಳಿಬಿಡುವುದು ಯುಕ್ತ. ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ, ಬಳಪದಷ್ಟು ದಪ್ಪದ ರೆಂಬೆಯಿಂದ ಒಂದು ಗೇಣಿನ ಕಡ್ಡಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ತುದಿಯ ಎರಡು ಎಲೆಗಳನ್ನುಳಿದು ಮಿಕ್ಕವನ್ನು ತೆಗೆದುಬಿಡಬೇಕು. ಎಲೆಗಳು ಹೆಚ್ಚಾಗಿದ್ದರೆ ಬೇರಿಲ್ಲದ ಕಡ್ಡಿಯಿಂದ ನೀರೆಲ್ಲ ಆರಿಹೋಗುವುದು. ಮರಳು ಬೆರಸಿದ ಮಣ್ಣಿನಲ್ಲಿ ಎರಡು ಗಿಣ್ಣುಗಳಾದರೂ ಹುದುಗುವಂತೆ ಊರಿ, ನೆರಳಿನಲ್ಲಿಟ್ಟು, ಮಣ್ಣು ಆರದಂತೆ ನೋಡಿಕೊಂಡರೆ ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬಿಡುವುದು. ಆರಿದ್ರಾ, ಪುನರ್ವಸು ಮಳೆಗಳು ಇದಕ್ಕೆ ಒಳ್ಳೆಯ ಕಾಲ. ಈ ಜಿಲ್ಲೆಯಲ್ಲಿ ಮುಂಗಾರು ಕೈಕೊಟ್ಟರೂ ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಮಳೆ ಬೀಳುವುದು ವಾಡಿಕೆಯಾದುದರಿಂದ, ಮೊದಲ ಸಲ ತಪ್ಪಿದವರು ಆಗ ಮತ್ತೊಮ್ಮೆ ಪ್ರಯತ್ನಿಸಬಹುದು.

ದುರ್ಗದಿಂದ ನೈಋತ್ಯಕ್ಕೆ ಹೊರಟರೆ ಹೊಳಲ್ಕೆರೆ. ಊರಿನ ಹೆಸರಿನಲ್ಲಿಯೇ ಕೆರೆ ಸೇರಿದೆ. ಮಲೆನಾಡಿನ ದಿಕ್ಕಿಗೆ ಹೋದಂತೆ ಮಳೆಯೂ ತುಸು ಹೆಚ್ಚುತ್ತದೆ. ಅಡಕೆಯ ತೋಟಗಳು ಕಾಣಿಸಿಕೊಳ್ಳುತ್ತವೆ. ಇಲ್ಲಿಯ ಬಯಲು ಗಣಪತಿಯು ಸುತ್ತಮುತ್ತಲ ಊರುಗಳಿಗೆಲ್ಲ ಪ್ರಸಿದ್ಧನು. ಗಣಪತಿಗೆ ಗರಿಕೆಯೊಡನೆ ಪ್ರಿಯವಾದ ಹೂವು ಕೆಂಪು ದಾಸವಾಳವೆಂಬುದು ಎಲ್ಲರೂ ಬಲ್ಲ ಸಂಗತಿ. ಹೀಗಿರುವಾಗ ಈ ಊರಿನ ಹಿತ್ತಿಲುಗಳಲ್ಲಿ ದಾಸವಾಳವಿಲ್ಲದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಇಲ್ಲಿಯ ಒಂದು ಬೀದಿಯಲ್ಲಿ, ಆಳೆತ್ತರಕ್ಕೂ ಮೀರಿ ಬೆಳೆದು ಮೈತುಂಬ ಹೂಬಿಟ್ಟಿದ್ದ ಗಿಡವೊಂದನ್ನು ಕಂಡು ಮನೆಯ ಹಿರಿಯ ಗೃಹಿಣಿಯನ್ನು ಮಾತನಾಡಿಸಿದೆನು.

"ಬೇಸಗೆಯಲ್ಲಿ ಈ ಗಿಡಕ್ಕೆ ನೀರು ಎಲ್ಲಿಂದ ತರುತ್ತೀರಿ, ತಾಯಿ?"

"ತರುವುದೇನಪ್ಪ, ಮನೆಯಲ್ಲೇ ಹುಟ್ಟುತ್ತದಲ್ಲ! ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ತೊಳೆದದ್ದು. ಕೊಳಾಯಿ ನೀರನ್ನು ಇದಕ್ಕೆ ಹಾಕಿದರೆ ನಾಳೆ ಮನೆಮಂದಿ ಏನು ಕುಡಿಯೋದು?"

"ಬಟ್ಟೆ ಒಗೆದ ನೀರನ್ನು ಹಾಕುವುದಿಲ್ಲವೆ?"

"ಸೊಸೆ ಹಾಕಿದಳು ಒಂದು ಬೇಸಗೆ. ಎಲೆಯ ಅಂಚೆಲ್ಲ ಸುಟ್ಟಹಾಗಾಯಿತು. ಆ ಪುಡಿ ಕೈಯನ್ನೇ ಸುಡುತ್ತದೆ, ಬೇರನ್ನು ಬಿಡುತ್ತದೆಯೆ, ಅಪ್ಪ?"

ಈ ಮಾತಿನಲ್ಲಿ ದೊಡ್ಡ ತತ್ತ್ವವೊಂದು ಅಡಗಿದೆ. ಹಿಂದಿನವರು ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ದಾಸವಾಳಗಳನ್ನು ನೆಡುತ್ತಿದ್ದರು. ಆ ನೀರಿನಲ್ಲಿ ಇದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಸ್ವಲ್ಪ ಎಣ್ಣೆ; ಇವೆಲ್ಲವೂ ಮಣ್ಣಿನಲ್ಲಿ ಕಳಿತು ಹೋಗುವ ಪದಾರ್ಥಗಳು. ಇಂದಿನ ಬಟ್ಟೆಯ ಪುಡಿಗಳಲ್ಲಿರುವ ಸೋಡದ ಲವಣಗಳು ಹಾಗೆ ಕಳಿಯುವುದಿಲ್ಲ. ಅವು ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡಿಕೊಂಡು ಅದನ್ನು ಚೌಳು ಮಾಡುತ್ತವೆ. ಮಳೆ ಕಡಿಮೆಯಾದ ಸೀಮೆಯಲ್ಲಿ ಅವುಗಳನ್ನು ತೊಳೆದು ಕೆಳಕ್ಕಿಳಿಸುವ ನೀರೂ ದೊರೆಯುವುದಿಲ್ಲ. ಆದುದರಿಂದ ಹಿರಿಯರು ಮಾಡಿದಂತೆಯೇ ಮಾಡುತ್ತೇವೆಂದು ಎಲ್ಲ ಬಚ್ಚಲ ನೀರನ್ನೂ ಗಿಡಕ್ಕೆ ತಿರುಗಿಸುವುದು ಸರಿಯಲ್ಲ. ಅಡಿಗೆಯ ಕಾಯಿಪಲ್ಯ, ಧಾನ್ಯ ತೊಳೆದ ನೀರು ಉತ್ತಮ. ಸ್ನಾನದ ನೀರು ಮಧ್ಯಮ, ಅದನ್ನು ಒಂದೇ ಗಿಡಕ್ಕೆ ನಿತ್ಯವೂ ಬಿಡದೆ ಸರದಿಯ ಮೇಲೆ ಬಿಡಬೇಕು. ಬಟ್ಟೆಪುಡಿಯ ನೀರು ವರ್ಜ್ಯ. ಪದ್ಧತಿಯನ್ನು ಉಳಿಸಿಕೊಳ್ಳುವವರು ಅದರ ಕಾರಣವನ್ನೂ ಉಳಿಸಿಕೊಳ್ಳಬೇಕು.

ಹೊಳಲ್ಕೆರೆಯಿಂದ ದಕ್ಷಿಣಕ್ಕೆ ತಿರುಗಿದರೆ ಹೊಸದುರ್ಗ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿಯುವ ವೇದಾ, ಅವತಿ ಎಂಬ ಎರಡು ಹೊಳೆಗಳು ಅಯ್ಯನಕೆರೆಯನ್ನೂ ಮದಗದ ಕೆರೆಯನ್ನೂ ತುಂಬಿ, ಮುಂದೆ ಒಂದಾಗಿ, ವೇದಾವತಿಯೆಂಬ ಹೆಸರಿನಿಂದ ಈ ತಾಲ್ಲೂಕಿನ ಮೇಲೆ ಹಾಯ್ದು ಮಾರಿಕಣಿವೆಗೆ ಹೋಗುತ್ತವೆ. ಈ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯು ನೆಲದಿಂದ ಉಕ್ಕುವಳೆಂದು ನಂಬಿ ಜನರು ಕೊಳದ ಮುಂದೆ ಕೈಮುಗಿದು ನಿಲ್ಲುವರು. ನೀರೇ ದೈವವಾದ ಸೀಮೆಯಲ್ಲಿ ಇದು ಸಹಜವಾದುದೇ.

ಹೊಸದುರ್ಗದ ಸಂಪತ್ತೆಂದರೆ ತೆಂಗು. ಆದರೆ 2010ರ ದಶಕದ ಕೊನೆಯ ಬರದ ವರ್ಷಗಳಲ್ಲಿ ಇಲ್ಲಿಯೂ ಹಿರಿಯೂರಿನಲ್ಲಿಯೂ ಕೊಳವೆಬಾವಿಗಳು ಬತ್ತಿ, ದಶಕಗಳ ಕಾಲ ಸಾಕಿದ ತೆಂಗಿನ ಮರಗಳು ಸುಳಿಯೊಣಗಿ ನಿಂತವು. ಲಾರಿಗಳಲ್ಲಿ ನೀರನ್ನು ಕೊಂಡುತಂದು ತೋಟಕ್ಕೆ ಬಿಟ್ಟ ರೈತರುಂಟು. ಕೊಳ್ಳಲಾರದೆ ಮರಗಳನ್ನು ಕಡಿಸಿದವರೂ ಉಂಟು. 2019ರಲ್ಲಿ ಭದ್ರೆಯ ನೀರು ಮೇಲ್ದಂಡೆ ಯೋಜನೆಯ ಮೂಲಕ ವೇದಾವತಿಗೆ ಸೇರಿ ವಾಣಿವಿಲಾಸ ಸಾಗರಕ್ಕೆ ಹರಿದು ಬಂದಾಗ ಈ ಸೀಮೆಯವರು ನದಿಯ ದಡಕ್ಕೆ ಹೋಗಿ ಪೂಜೆ ಮಾಡಿದ್ದರೆ ಅದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಈ ಊರು ದಾಸವಾಳಕ್ಕೆ ಕೊಡುವ ಕಾಣಿಕೆ ತೆಂಗಿನ ಸಿಪ್ಪೆ. ಎರಡಡಿ ಆಳದ ಗುಣಿಯ ತಳದಲ್ಲಿ ಸಿಪ್ಪೆಗಳನ್ನು ನಾರಿನ ಮೈ ಮೇಲಾಗುವಂತೆ ಒತ್ತಾಗಿ ಜೋಡಿಸಿ, ಅದರ ಮೇಲೆ ಗೊಬ್ಬರದ ಮಣ್ಣು ತುಂಬಿ ಗಿಡವನ್ನು ನೆಟ್ಟರೆ, ಮಳೆಗಾಲದಲ್ಲಿ ನೀರು ಕುಡಿದ ನಾರು ಅದನ್ನು ಬಹುಕಾಲ ಹಿಡಿದಿಟ್ಟು ಬೇರಿಗೆ ಕೊಡುತ್ತಿರುವುದು. ತೆಂಗಿನ ಸಸಿಗೆ ರೈತರು ಮಾಡುವ ಉಪಚಾರವೇ ಇದು. ಹೂವಿನ ಗಿಡಕ್ಕೂ ಸಲ್ಲುತ್ತದೆ. ಇಂತಹ ಗುಣಿಯಲ್ಲಿ ಬೇರೂರಿದ ಗಿಡಕ್ಕೆ ಬೇಸಗೆಯಲ್ಲಿ ಎರಡು ಮೂರು ದಿನಗಳಿಗೊಮ್ಮೆ ಒಂದು ಬಿಂದಿಗೆ ನೀರಾದರೆ ಸಾಕಾಗುವುದು.

ತೇವದ ಮೂಲೆಯಿರುವವರು ದಾಸವಾಳ ಒಂದರಿಂದಲೇ ತೃಪ್ತರಾಗಬೇಕಾಗಿಲ್ಲ. ಅದರ ಬಳಗ ದೊಡ್ಡದು. ಅಡಿಗೆಯ ಬೆಂಡೆಯೂ ಹೊಲದ ಹತ್ತಿಯೂ ಅದರ ದಾಯಾದಿಗಳೇ. ನಮ್ಮ ದೇಶದ ತೇವದ ನೆಲಗಳಲ್ಲಿ ತಾನಾಗಿ ಬೆಳೆಯುವ ಕಸ್ತೂರಿ ಬೆಂಡೆಯನ್ನು ಲಿನೀಯಸನು ದಾಸವಾಳದ ಕುಲಕ್ಕೇ ಸೇರಿಸಿದ್ದನು. ಆಮೇಲಿನವರು ಬೆಂಡೆಯ ಕುಲಕ್ಕೆ ಬೇರ್ಪಡಿಸಿದರು. ಹಳದಿ ಎಸಳು, ನಡುವೆ ಕಡುಗೆಂಪು ಕಣ್ಣು. ಬೀಜವನ್ನು ಉಜ್ಜಿದರೆ ಕಸ್ತೂರಿಯ ಪರಿಮಳ. ಇದರ ಬೀಜವನ್ನು ರಾತ್ರಿ ನೆನೆಯಿಟ್ಟು ಮುಂಗಾರಿನಲ್ಲಿ ಬಿತ್ತಿದರೆ ಅದೇ ವರ್ಷ ಹೂ ಬಿಡುವುದು. ಕೆರೆಯೇರಿಯ ಮೇಲೆ ನೆರಳಿಗಾಗಿ ಬೆಳೆಸುವ ಹೂವರಸಿಯೂ ಇದೇ ಬಳಗದ್ದು. ಬೆಳಗ್ಗೆ ಹಳದಿಯಾಗಿ ಅರಳಿದ ಅದರ ಹೂವು ಬಾಡುವಾಗ ಕೆಂಪಾಗುತ್ತದೆ. ಮಕ್ಕಳು ಅದರ ಕಾಯನ್ನು ಬುಗುರಿಯಾಡುವುದರಿಂದ ಬುಗುರಿಮರವೆಂಬ ಹೆಸರೂ ಉಂಟು. ಚೀನದಿಂದ ಬಂದ ಬೆಟ್ಟದಾವರೆಯಂತೂ ಮುಂಜಾನೆ ಬಿಳುಪು, ನಡುಹಗಲು ನಸುಗೆಂಪು, ಸಂಜೆ ಕಡುಗೆಂಪಾಗಿ ಒಂದೇ ದಿನದಲ್ಲಿ ಮೂರು ಅವಸ್ಥೆಗಳನ್ನು ತೋರಿಸುವುದು. ಇನ್ನು ಪುಂಡಿಯನ್ನು ಬಲ್ಲದವರು ಯಾರು? ಜೋಳದ ರೊಟ್ಟಿಗೆ ಪುಂಡಿಯ ಪಲ್ಯ, ಎತ್ತಿನ ಹಗ್ಗಕ್ಕೆ ಪುಂಡಿಯ ನಾರು. ಹೊಲದ ಅಂಚಿನಲ್ಲಿ ಬಿತ್ತಿ, ಕೊಯ್ದು, ಕೆರೆಯ ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುತ್ತಿದ್ದ ಈ ಗಿಡವು ಹಗಲು ಕಿರಿದಾಗುವ ಕಾಲಕ್ಕೆ ತಿಳಿಹಳದಿಯ ಚೆಲುವಾದ ಹೂ ಬಿಡುವುದು. ಅದು ದಾಸವಾಳದ ಒಡಹುಟ್ಟೆಂದು ಪಲ್ಯ ತಿನ್ನುವವರಿಗೆ ಹೊಳೆಯುವುದಿಲ್ಲ.

ಆರೈಕೆಯ ವಿಷಯದಲ್ಲಿ ಎರಡು ಮಾತು. ದಾಸವಾಳಕ್ಕೆ ಬುಡದಲ್ಲಿ ತಂಪು, ತಲೆಯ ಮೇಲೆ ಬಿಸಿಲು ಬೇಕು. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳದಿದ್ದರೆ ಎಲೆ ಸೊಂಪಾಗಿ ಬೆಳೆದೀತು, ಹೂ ಬಾರದು. ಹೂ ಬರುವುದು ಹೊಸ ಚಿಗುರಿನಲ್ಲಿ. ಆದುದರಿಂದ ಮಳೆಗಾಲದ ಆರಂಭಕ್ಕೆ ರೆಂಬೆಗಳನ್ನು ಮೂರನೆಯ ಒಂದು ಪಾಲಿನಷ್ಟು ಸವರುವುದಕ್ಕೆ ಹಿಂಜರಿಯಬಾರದು. ಚಿಗುರಿನ ಮೇಲೆ ಹತ್ತಿಯಂತಹ ಬಿಳಿಯ ಹುಳುಗಳು ಕೂತು ಇರುವೆಗಳು ಮುತ್ತಿದರೆ, ಕೂಡಲೆ ಆ ತುದಿಯನ್ನು ಕತ್ತರಿಸಿ ಸುಟ್ಟು, ಉಳಿದುದರ ಮೇಲೆ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಸಿಂಪಡಿಸಬೇಕು. ಸವರಿದಾಗ ಉಳಿಯುವ ಎಲೆಗಳನ್ನು ಎಸೆಯಬಾರದು; ಅವುಗಳನ್ನು ಅರೆದ ಲೋಳೆಯು ತಲೆಗೂದಲನ್ನು ತೊಳೆಯಲು ಒಳ್ಳೆಯದೆಂದು ನಮ್ಮ ಗೃಹಿಣಿಯರು ಬಲ್ಲರು.

ಕುಡಿಯುವ ನೀರಿಗೇ ತತ್ವಾರವಿರುವ ಸೀಮೆಯಲ್ಲಿ ಹೂವಿನ ಗಿಡಕ್ಕೆ ನೀರೆರೆಯುವುದು ನ್ಯಾಯವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಕೊಳವೆಬಾವಿಯ ಆಳದಿಂದ ಎತ್ತಿದ ನೀರನ್ನು ಹಸುರು ಹುಲ್ಲಿನ ಹಾಸಿಗೆ ಸುರಿಯುವುದು ಈ ನಾಡಿನಲ್ಲಿ ನಿಶ್ಚಯವಾಗಿಯೂ ಅನ್ಯಾಯ. ಆದರೆ ಹಿತ್ತಿಲ ದಾಸವಾಳವು ಹೊಸ ನೀರನ್ನು ಕೇಳುವುದಿಲ್ಲ. ಮನುಷ್ಯನು ಒಮ್ಮೆ ಬಳಸಿದ ನೀರಿಗೆ ಎರಡನೆಯ ಬಾಳನ್ನು ಕೊಡುತ್ತದೆ. ಗೋಪಾಲಸ್ವಾಮಿ ಹೊಂಡವು ಚೆಲ್ಲಿದ್ದನ್ನು ಅಕ್ಕತಂಗಿಯರ ಹೊಂಡವು ಹಿಡಿದಂತೆ, ಅಡಿಗೆಮನೆ ಚೆಲ್ಲಿದ್ದನ್ನು ಈ ಗಿಡವು ಹಿಡಿಯುತ್ತದೆ. ಅದನ್ನು ಸಾಕುವ ಮನೆಯಲ್ಲಿ ಯಾವ ನೀರು ಎಲ್ಲಿಗೆ ಹೋಗುತ್ತದೆಂಬ ಎಚ್ಚರವು ಮಕ್ಕಳಿಗೂ ಹುಟ್ಟುತ್ತದೆ. ಅಕ್ಕಿ ತೊಳೆದ ಪಾತ್ರೆಯನ್ನು ಹಿಡಿದು ಹಿತ್ತಿಲಿಗೆ ಓಡುವ ಮಗುವು ಮುಂದೆ ಕೆರೆಯ ಹೂಳನ್ನು ತೆಗೆಸುವ ಮಾತು ಬಂದಾಗ ಹಿಂದೆ ಸರಿಯಲಾರದು.

ಈ ಹೂವಿನ ಆಯುಸ್ಸು ಒಂದೇ ಹಗಲು. ಸಂಜೆಗೆ ಮುದುಡಿ ಉದುರುವುದು. ಆದರೆ ಗಿಡವು ಸರಿಯಾದ ಎಡೆಯಲ್ಲಿ ನಿಂತಿದ್ದರೆ ಮರುದಿನ ಮತ್ತೊಂದು ಅರಳಿಯೇ ಅರಳುವುದು. ವಾಚಕರಲ್ಲಿ ಯಾರ ಹಿತ್ತಿಲಿನಲ್ಲಿ ತೇವದ ಮೂಲೆಯೊಂದು ಬರಿದಾಗಿ ಬಿದ್ದಿದೆಯೋ ಅವರು ಬರುವ ಆರಿದ್ರಾ ಮಳೆಗೆ ನೆರೆಮನೆಯಿಂದ ಒಂದು ಕಡ್ಡಿಯನ್ನು ಬೇಡಿ ತರಲಿ. ಕೇಳಿದರೆ ಇಲ್ಲವೆನ್ನುವವರು ಈ ಸೀಮೆಯಲ್ಲಿ ಸಿಕ್ಕುವುದು ಕಷ್ಟ.